ಮಟ್‌ನಲ್ಲಿ ಬಂದ ಕನ್ನಡ ಪತ್ರ ಬರೀ ಪ್ರಶ್ನೆಚಿಹ್ನೆ, ಕಳಿಸಿದ್ದು ಅತ್ತ ಕಡೆ ಕಸ

ಪೆರ್ಲ_ವಾಚನಾಲಯ ಕೇಳಿದ್ದು:

ವಾಚನಾಲಯದ ಜಿಮೇಲ್ ಖಾತೆಯನ್ನು ಟರ್ಮಿನಲ್ (ಬರೀ ಅಕ್ಷರಗಳ ಪರದೆ) ಒಳಗೆ ಓಡುವ ಇಮೇಲ್ ಪ್ರೋಗ್ರಾಂ ಮಟ್‌ನಲ್ಲಿ ಓದುವ ಹಾಗೆ ಮಾಡಿಟ್ಟಿದ್ದೇವೆ. ಕಪಾಟಿನ ಬದಿಯ ಡೆಸ್ಕ್‌ಟಾಪಿಗೆ ಇರುವುದೇ 2 ಜಿಬಿ ರ‍್ಯಾಮ್, ಬ್ರೌಸರ್ ತೆರೆದರೆ ಚಹಾ ಕುಡಿದು ಬರಬಹುದು. ಅದರಲ್ಲಿ ಡೆಬಿಯನ್ 12, ಮಟ್ 2.2. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದ ಲಾಗಿನ್) ಮಾಡಿ, ಟಿಮಕ್ಸ್ (ಸಂಪರ್ಕ ಕಡಿದರೂ ಸೆಷನ್ ಉಳಿಸುವ ಪ್ರೋಗ್ರಾಂ) ಒಳಗೆ ಮಟ್ ತೆರೆಯುವುದು. ಮಟ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲ್ ಯಾರೋ ಹತ್ತು ವರ್ಷದ ಹಿಂದೆ ಬರೆದದ್ದರ ನಕಲು.

ಇಂಗ್ಲಿಷ್ ಪತ್ರಕ್ಕೆ ತೊಂದರೆ ಇಲ್ಲ. ಮಂಗಳೂರಿಂದ ಬರುವ ಕನ್ನಡ, ಪಂಚಾಯತಿನಿಂದ ಬರುವ ಮಲಯಾಳ, ಎರಡೂ ಮೊದಲು ಸಾಲುಗಟ್ಟಿ ಪ್ರಶ್ನೆಚಿಹ್ನೆಯಾಗಿ ಕಾಣುತ್ತಿದ್ದವು. 'ಸೆಟ್ ಚಾರ್‌ಸೆಟ್' ಅಂತ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಸಂಕೇತ ಪದ್ಧತಿ) ಕೊಟ್ಟೆ. ಈಗ ಪ್ರಶ್ನೆಚಿಹ್ನೆ ಹೋಗಿ \340\262\225 ಥರದ ಅಂಕೆಗಳು. ನಾವು ಕಳಿಸಿದ ಕನ್ನಡ ಸುತ್ತೋಲೆ ಕೆಲವರಿಗೆ ಸರಿಯಾಗಿ ಹೋಗಿದೆ, ಇನ್ನು ಕೆಲವರಿಗೆ ತಲೆಮೇಲೆ ಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಸಣ್ಣ 2, ಹೀಗೇ ಪುಟ ತುಂಬ. ಅಟ್ಯಾಚ್‌ಮೆಂಟಿನ ಹೆಸರುಗಳೂ ಓದಲಾಗದ ಕೋಡ್. ಮಳೆಗೆ ನೆಟ್ ಹೋದರೆ ಪರದೆ ನಿಮಿಷಗಟ್ಟಲೆ ಸ್ತಬ್ಧ.

ಯಾವುದರಿಂದ ಶುರು ಮಾಡಬೇಕು?

---

ಚಂದ್ರಗಿರಿ_ತೀರ ಉತ್ತರ:

ಕಸ ಯಾವ ರೂಪದಲ್ಲಿ ಉಂಟು ಎಂದು ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಹೆಚ್ಚಿನವರು 'ಕನ್ನಡ ಬರ್ತಿಲ್ಲ' ಎಂದಷ್ಟೇ ಹೇಳುತ್ತಾರೆ. (ಆಜ್ಞೆ, ಆಯ್ಕೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತೇನೆ. ನೀವು ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ, ಕೆಳಗಿನ ಗೀಟು ಇದ್ದಲ್ಲಿ ಅಂಡರ್‌ಸ್ಕೋರ್.)

ಪ್ರಶ್ನೆಚಿಹ್ನೆ ಬಂದರೆ, ತಾನಿರುವುದು ಬರೀ ಆಸ್ಕಿ (ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೆ ಸಂಕೇತ ಪದ್ಧತಿ) ಪರದೆಯಲ್ಲಿ ಎಂದು ಮಟ್ ತಿಳಿದುಕೊಂಡಿದೆ. ಆಸ್ಕಿಯಲ್ಲಿ ಕನ್ನಡಕ್ಕೆ ಜಾಗ ಇಲ್ಲ, ಹಾಗಾಗಿ ಪ್ರತಿ ಅಕ್ಷರಕ್ಕೂ ಒಂದು '?'. ನೀವು ಚಾರ್‌ಸೆಟ್ ಒತ್ತಾಯದಿಂದ ಕೊಟ್ಟಾಗ ಪರಿವರ್ತನೆ ಮಾತ್ರ ನಿಂತಿತು. ಕೆಳಗಿನ ಸಿಸ್ಟಮ್ ಲೈಬ್ರರಿ 'ಇದು ಮುದ್ರಿಸಬಹುದಾದ ಅಕ್ಷರವೇ ಅಲ್ಲ' ಎಂದು ಈಗಲೂ ಹೇಳುತ್ತಿದೆ, ಆದ್ದರಿಂದ ಒಂದೊಂದು ಬೈಟನ್ನೂ ಅಷ್ಟಮಾನದ ಅಂಕೆಯಾಗಿ ತೋರಿಸುತ್ತದೆ. 340, 262, 225 ಸೇರಿದರೆ 'ಕ'. ಅಂದರೆ ಪತ್ರ ಸರಿಯಾಗಿಯೇ ಬಂದು ಕೂತಿದೆ. ಕೆಟ್ಟಿರುವುದು ಲೊಕೇಲ್, ಅಂದರೆ ಸಿಸ್ಟಮ್ಮಿನ ಭಾಷೆ ಮತ್ತು ಅಕ್ಷರಸಂಕೇತದ ಸೆಟ್ಟಿಂಗ್.

ಮೊದಲು ಆ ಚಾರ್‌ಸೆಟ್ ಸಾಲನ್ನು ಅಳಿಸಿ. ಇದೊಂದು ಸಾಲು ನಕಲು ಮಾಡಿದ ಎಲ್ಲ ಮಟ್‌ಆರ್‌ಸಿಗಳಲ್ಲೂ ಇರುತ್ತದೆ, ರೋಗ ಮುಚ್ಚಿಡುವುದು ಬಿಟ್ಟು ಬೇರೆ ಉಪಕಾರ ಇಲ್ಲ. ಲೊಕೇಲ್ ಸರಿ ಇದ್ದರೆ ಮಟ್ ತಾನೇ ಕಂಡುಕೊಳ್ಳುತ್ತದೆ.

ಆಮೇಲೆ ಮಟ್ ಹೊರಗೆ, ಟಿಮಕ್ಸ್‌ನ ಹೊರಗೂ, ಡೆಸ್ಕ್‌ಟಾಪಿನ ಶೆಲ್‌ನಲ್ಲಿ 'ಲೊಕೇಲ್ ಚಾರ್‌ಮ್ಯಾಪ್' ಹೊಡೆಯಿರಿ. ಯುಟಿಎಫ್-8 ಎಂದು ಬರಬೇಕು. ನಿಮ್ಮಲ್ಲಿ ಬರುವುದು ಆನ್ಸಿ ಎಂದು ಶುರುವಾಗಿ 1968ರಲ್ಲಿ ಮುಗಿಯುವ ಒಂದು ಹೆಸರು, ಬಾಜಿ ಕಟ್ಟುತ್ತೇನೆ. ಅದು ಆಸ್ಕಿಯದೇ ಇನ್ನೊಂದು ಹೆಸರು.

ಯಾಕೆ ಹೀಗಾಗುತ್ತದೆ: ಲ್ಯಾಪ್‌ಟಾಪಿನಲ್ಲಿ ಭಾಷೆ ಕನ್ನಡ ಇಟ್ಟಿದ್ದರೆ ಅಲ್ಲಿ 'ಲ್ಯಾಂಗ್' ಎಂಬುದರ ಮೌಲ್ಯ ಕೆಎನ್_ಐಎನ್. ಡೆಬಿಯನ್‌ನ ಎಸ್‌ಎಸ್‌ಎಚ್ ಈ ಮೌಲ್ಯವನ್ನು ಜೊತೆಗೇ ಹೊತ್ತೊಯ್ಯುತ್ತದೆ, ಅತ್ತ ಕಡೆಯ ಸರ್ವರ್ ಅದನ್ನು ಒಪ್ಪಿಕೊಳ್ಳುತ್ತದೆ. ಆದರೆ ಡೆಸ್ಕ್‌ಟಾಪಿನಲ್ಲಿ ಆ ಲೊಕೇಲ್ ತಯಾರೇ ಆಗಿಲ್ಲ. ಇಲ್ಲದ ಲೊಕೇಲ್ ಕೇಳಿದರೆ ಸಿಸ್ಟಮ್ ಜಗಳ ಮಾಡುವುದಿಲ್ಲ, ಸದ್ದಿಲ್ಲದೆ 'ಸಿ' ಲೊಕೇಲಿಗೆ, ಅಂದರೆ ಆಸ್ಕಿಗೆ, ಇಳಿಯುತ್ತದೆ.

ಸರಿಮಾಡಲು ಡೆಸ್ಕ್‌ಟಾಪಿನಲ್ಲಿ 'ಸುಡೋ ಡಿಪಿಕೆಜಿ-ರಿಕಾನ್ಫಿಗರ್ ಲೊಕೇಲ್ಸ್'. ಪಟ್ಟಿಯಲ್ಲಿ ಕೆಎನ್_ಐಎನ್ ಯುಟಿಎಫ್-8 ಸಾಲಿಗೆ ಹೋಗಿ ಸ್ಪೇಸ್ ಒತ್ತಿ ನಕ್ಷತ್ರ ಬರಿಸಿ. ಎಂಟರ್ ಒತ್ತಿದರೆ ಆಯ್ಕೆ ಆಗದೆ ಮುಂದಿನ ಪುಟಕ್ಕೆ ಜಿಗಿಯುತ್ತದೆ, ಇಲ್ಲಿ ಎಡವದವರಿಲ್ಲ. ಮುಂದಿನ ಪುಟದಲ್ಲಿ ಡೀಫಾಲ್ಟ್ ಆಗಿ ಸಿ.ಯುಟಿಎಫ್-8 ಸಾಕು. ಪೂರ್ತಿ ಲಾಗ್‌ಔಟ್ ಆಗಿ ಪುನಃ ಬನ್ನಿ.

ಟಿಮಕ್ಸ್‌ನಲ್ಲಿ ಎರಡು ಕಿತಾಪತಿ ಉಂಟು. ಹಳೆ ಸೆಷನ್ ಬದುಕಿದ್ದರೆ ಅದರೊಳಗೆ ಹಳೆ ಪರಿಸರವೇ ಇರುತ್ತದೆ. 'ಟಿಮಕ್ಸ್ ಕಿಲ್-ಸರ್ವರ್' ಕೊಟ್ಟು ಹೊಸದಾಗಿ ತೆರೆಯಿರಿ. ಇನ್ನೊಂದು ಸೂಕ್ಷ್ಮ: ಟರ್ಮಿನಲ್ ಯುಟಿಎಫ್-8 ಹೌದೋ ಅಲ್ಲವೋ ಎಂದು ಟಿಮಕ್ಸ್ ನಿರ್ಧರಿಸುವುದು ಲೊಕೇಲಿನ *ಹೆಸರಿನಲ್ಲಿ* ಆ ಅಕ್ಷರಗಳಿವೆಯೇ ಎಂದು ನೋಡಿ. ಕೆಎನ್_ಐಎನ್ ಎಂಬ ಹೆಸರಲ್ಲಿ ಯುಟಿಎಫ್ ಎಂಬುದೇ ಇಲ್ಲ. ಆಗ ಕನ್ನಡದ ಜಾಗದಲ್ಲೆಲ್ಲ ಕೆಳಗೀಟು ಬೀಳುತ್ತದೆ, ಜನ ಪುನಃ ಮಟ್‌ಅನ್ನೇ ಬೈಯುತ್ತಾರೆ. 'ಟಿಮಕ್ಸ್ -ಯು' ಎಂದು ತೆರೆದರೆ ಮುಗಿಯಿತು.

ಕೊನೆಗೆ ಮಟ್ ಒಳಗೆ ಕೋಲನ್ ಒತ್ತಿ 'ಸೆಟ್ ?ಚಾರ್‌ಸೆಟ್' ಕೇಳಿ. ಯುಟಿಎಫ್-8 ಎಂದರೆ ಓದುವ ಸಮಸ್ಯೆ ಮುಗಿದಂತೆ.

ಕಳಿಸುವ ಸಮಸ್ಯೆಗೂ ಬೇರು ಇದೇ. ತಾನು ಆಸ್ಕಿಯಲ್ಲಿದ್ದೇನೆ ಎಂದುಕೊಂಡ ಮಟ್, ನೀವು ಬರೆದ ಕನ್ನಡ ಬೈಟುಗಳಿಗೆ ಯಾವ ಚೀಟಿ ಅಂಟಿಸುವುದೆಂದು ತಿಳಿಯದೆ 'ಅನ್‌ನೋನ್-8ಬಿಟ್' ಎಂದು ಬರೆದು ಕಳಿಸಿದೆ. ಪಡೆದವರ ಪ್ರೋಗ್ರಾಂ ಊಹಿಸಬೇಕು. ಯುಟಿಎಫ್-8 ಎಂದು ಊಹಿಸಿದವರಿಗೆ ಕನ್ನಡ, ವಿಂಡೋಸ್-1252 ಎಂದು ಊಹಿಸಿದವರಿಗೆ ಗೀಟಿದ ಎ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು, ಮೊದಲಿನದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು, ಅದಕ್ಕೇ ಆ ಎ ಮತ್ತು ಸಣ್ಣ 2 ಜೋಡಿ ಪುಟವಿಡೀ. ನಡುನಡುವೆ ಸಣ್ಣ 3 ಕೂಡ ಕಂಡಿರಬೇಕು, ಅದು ಕೊಂಬು, ಎತ್ವ, ಅರ್ಧಾಕ್ಷರದ ವಿರಾಮಗಳ ಗುಂಪಿನದು.

ಇನ್ನು ಕಳಿಸುವ ಮುಂಚೆ, 'ವೈ' ಒತ್ತುವ ಪರದೆಯಲ್ಲಿ ಕೆಳಗಿನ ಅಟ್ಯಾಚ್‌ಮೆಂಟ್ ಸಾಲನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ: ಟೆಕ್ಸ್ಟ್/ಪ್ಲೇನ್, 8ಬಿಟ್, ಯುಟಿಎಫ್-8 ಎಂದಿರಬೇಕು. ಕೆಟ್ಟುಹೋದ ಹಳೆ ಸುತ್ತೋಲೆಯನ್ನು ಕಳಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಹುಡುಕಿ, ಎಸ್ಕೇಪ್ ಒತ್ತಿ 'ಇ' ಒತ್ತಿದರೆ ಹೊಸ ಪತ್ರವಾಗಿ ತೆರೆಯುತ್ತದೆ, ಮತ್ತೆ ಕಳಿಸಬಹುದು.

---

ಸೀತಾಂಗೋಳಿ_ಶೆಲ್ ಉತ್ತರ:

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಅದು ಮುಗಿದ ಕೂಡಲೇ ನೀವು ಕೇಳಲಿರುವ ಮುಂದಿನ ಪ್ರಶ್ನೆಗೆ ಈಗಲೇ ಉತ್ತರ: 'ಕನ್ನಡ ಬಂತು, ಆದರೆ ಕಾಲಂ ಎಲ್ಲ ಸೊಟ್ಟ'.

ಟರ್ಮಿನಲ್ ಎಂದರೆ ಚೌಕುಳಿ ಹಾಳೆ. ಯಾವ ಅಕ್ಷರಕ್ಕೆ ಎಷ್ಟು ಚೌಕ ಎಂದು ಮಟ್ ಸಿಸ್ಟಮ್ ಲೈಬ್ರರಿಯನ್ನು ಕೇಳುತ್ತದೆ. ಯೂನಿಕೋಡ್ ಕನ್ನಡದ ಗುಣಿತ ಚಿಹ್ನೆಗಳನ್ನು ಎರಡು ಜಾತಿ ಮಾಡಿದೆ. ಗುಡಿಸು, ಎತ್ವ, ಅರ್ಧಾಕ್ಷರದ ವಿರಾಮ, ಇವಕ್ಕೆ ಜಾಗ ಸೊನ್ನೆ. ದೀರ್ಘ, ಕೊಂಬು, ಓತ್ವ, ಅನುಸ್ವಾರಗಳಿಗೆ ಒಂದೊಂದು ಚೌಕ. 'ಕಾಸರಗೋಡು' ಕಣ್ಣಿಗೆ ಐದು ಅಕ್ಷರ, ಲೆಕ್ಕದಲ್ಲಿ 8 ಚೌಕ. 'ಪುತ್ತಿಗೆ' ಮೂರು ಅಕ್ಷರ, 8 ಸಂಕೇತ, 5 ಚೌಕ. ಟರ್ಮಿನಲ್ ಒತ್ತಕ್ಷರ ಕೂಡಿಸಿ ಚಿತ್ರಿಸುವಾಗ ಈ ಲೆಕ್ಕಕ್ಕೆ ಸರಿಹೊಂದದಿದ್ದರೆ ಅದರ ಬಲಗಡೆಯದ್ದೆಲ್ಲ ಜಾರುತ್ತದೆ. ಮಟ್‌ನ ಯಾವ ಆಯ್ಕೆಯಿಂದಲೂ ಇದು ಪೂರ್ತಿ ಗುಣವಾಗುವುದಿಲ್ಲ. ಜಾರುವ ವಸ್ತುವನ್ನು ಸಾಲಿನ ತುದಿಗೆ ತಳ್ಳುವುದೊಂದೇ ಉಪಾಯ.

ಪತ್ರಗಳ ಪಟ್ಟಿಯ 'ಇಂಡೆಕ್ಸ್_ಫಾರ್ಮ್ಯಾಟ್'ನಲ್ಲಿ ವಿಷಯ ಮೊದಲೇ ಕೊನೆಯಲ್ಲಿ ಉಂಟು, ತೊಂದರೆ ಕೊಡುವುದು ನಡುವಿನ ಹೆಸರು. ಅಲ್ಲಿ ಶೇಕಡಾ ಚಿಹ್ನೆ, -15.15, ದೊಡ್ಡ ಎಲ್ ಇರುವ ತುಂಡನ್ನು ತೆಗೆದು ಶೇಕಡಾ ಚಿಹ್ನೆ, -25.25, ಸಣ್ಣ ಎ ಹಾಕಿ. ಆಗ ಕಳಿಸಿದವರ ಹೆಸರಿನ ಬದಲು ಇಮೇಲ್ ವಿಳಾಸ ಬರುತ್ತದೆ. ವಿಳಾಸದಲ್ಲಿ ಇರುವುದು ಇಂಗ್ಲಿಷ್ ಅಕ್ಷರ, ಕಾಲಂ ಕದಲುವುದಿಲ್ಲ. ನೋಡಲು ಚಂದ ಇಲ್ಲ, ಆದರೆ ನೆಟ್ಟಗೆ ನಿಲ್ಲುತ್ತದೆ.

ಟರ್ಮಿನಲ್ ಯಾವುದು ಎಂದು ನೀವು ಹೇಳಿಲ್ಲ. ಎಕ್ಸ್‌ಟರ್ಮ್ ಒತ್ತಕ್ಷರ ಕೂಡಿಸುವುದಿಲ್ಲ, 'ತ್ತ' ಎಂಬುದು ಬಿಡಿಬಿಡಿಯಾಗಿಯೇ ಕಾಣುತ್ತದೆ. ಕನ್ಸೋಲೆ ಎಂಬ ಟರ್ಮಿನಲ್ ಬಳಸಿ ನೋಡಿ, ಲ್ಯಾಪ್‌ಟಾಪಿನಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟ್ ಇರಲಿ. ಇನ್ನು ಡೆಸ್ಕ್‌ಟಾಪಿನ ಎದುರೇ ಕೂತು ಕಪ್ಪು ಪರದೆಯ ಕನ್ಸೋಲಿನಲ್ಲಿ ಮಟ್ ತೆರೆದರೆ ಕನ್ನಡದ ಆಸೆ ಬಿಡಿ. ಅಲ್ಲಿನ ಫಾಂಟಿಗೆ ಗರಿಷ್ಠ 512 ಚಿತ್ರಗಳ ಮಿತಿ, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೂ ಇಲ್ಲ. ಅಲ್ಲಿ ಬರುವ ಚೌಕ, ವಜ್ರದ ಚಿಹ್ನೆಗಳಿಗೂ ಮೇಲಿನ ಲೊಕೇಲ್ ಕಥೆಗೂ ಸಂಬಂಧ ಇಲ್ಲ.

ಬರೆಯುವುದಕ್ಕೆ: ಉದ್ದದ ಸುತ್ತೋಲೆಯನ್ನು ವಿಮ್‌ನಲ್ಲಿ ನೇರ ಟೈಪ್ ಮಾಡಬೇಡಿ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಲ್ಯಾಪ್‌ಟಾಪಿನ ಸಾಮಾನ್ಯ ಎಡಿಟರಿನಲ್ಲಿ ಬರೆದು ಫೈಲ್ ಮಾಡಿ, ಎಸ್‌ಸಿಪಿಯಲ್ಲಿ ಸಾಗಿಸಿ, 'ಮಟ್ -ಐ' ಮುಂದೆ ಫೈಲ್ ಹೆಸರು ಕೊಡಿ. ಪತ್ರದ ಒಡಲಿಗೆ ಅದು ಬಂದು ಕೂರುತ್ತದೆ. ಮಟ್‌ಅನ್ನು ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡವರು 'ಎಡಿಟರ್' ಆಯ್ಕೆಗೆ ಕೇಟ್ ಕೊಡಬಹುದು, ಆದರೆ '-ಬಿ' ಮರೆಯಬಾರದು. ಮರೆತರೆ ಕೇಟ್ ಕಿಟಕಿ ತೆರೆದ ಕ್ಷಣವೇ ಮಟ್‌ಗೆ ಹಿಂದಿರುಗುತ್ತದೆ, ಮಟ್ 'ಏನೂ ಬದಲಾಗಿಲ್ಲ' ಎಂದು ಪತ್ರ ರದ್ದು ಮಾಡುತ್ತದೆ. ನೀವು ಅರ್ಧ ಗಂಟೆ ಬರೆದು ಸೇವ್ ಮಾಡಿದ್ದು ಯಾರಿಗೂ ಬೇಡವಾದ ಫೈಲ್. ಜೀವಿಮ್ ಆದರೆ '-ಎಫ್', ಜಿಎಡಿಟ್ ಆದರೆ '--ವೇಟ್', ಕೆಲಸ ಒಂದೇ.

---

ಪೆರ್ಲ_ವಾಚನಾಲಯ ಉತ್ತರ:

ಚಂದ್ರಗಿರಿಯವರೇ, ಬಾಜಿ ಗೆದ್ದಿರಿ. 1968 ಎಂದೇ ಬಂತು. ಲೊಕೇಲ್ ಮಾಡಿದೆ, ಟಿಮಕ್ಸ್ ಮೊದಲು ಕೆಳಗೀಟು ತೋರಿಸಿತು, -ಯು ಕೊಟ್ಟ ಮೇಲೆ ಕನ್ನಡ, ಮಲಯಾಳ ಎರಡೂ ಬಂತು. ಸಣ್ಣ ಎ ಹಾಕಿದ ಮೇಲೆ ಪಟ್ಟಿಯೂ ನೆಟ್ಟಗಾಯಿತು.

ಉಳಿದದ್ದು: ಒಂದು, ಅಟ್ಯಾಚ್‌ಮೆಂಟ್ ಹೆಸರು. ಎರಡು, ಒಂದು ಕಚೇರಿಯ ಪತ್ರಗಳಲ್ಲಿ ಈಗಲೂ ಕಸ, ಅದರಲ್ಲಿ ಪೌಂಡ್ ಚಿಹ್ನೆ ಧಾರಾಳ. ಮೂರು, ಕೆಲವು ಪತ್ರ ತೆರೆದರೆ ಎಚ್‌ಟಿಎಂಎಲ್ ಟ್ಯಾಗ್‌ಗಳ ರಾಶಿ. ನಾಲ್ಕು, ನೆಟ್ ಹೋದಾಗಿನ ಸ್ತಬ್ಧ ಪರದೆ. ಮತ್ತೆ ಇವತ್ತು ಬೆಳಿಗ್ಗೆಯಿಂದ ಹೊಸದು, ಲಾಗಿನ್ ವಿಫಲ ಎನ್ನುತ್ತಿದೆ. ನಿನ್ನೆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದೆ, ಆದರೆ ಮಟ್‌ನಲ್ಲಿ ಇರುವುದು ಆ್ಯಪ್ ಪಾಸ್‌ವರ್ಡ್ ಅಲ್ಲವಾ?

---

ಕುಂಬಳೆ_ಗಣಕ ಉತ್ತರ:

ಲಾಗಿನ್ ಮೊದಲು. ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಅದರಡಿಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದು. ಪುನಃ ಹೊಸದು ಮಾಡಿ. ಎರಡು ಹಂತದ ಪರಿಶೀಲನೆ ಆನ್ ಇರಬೇಕು, ಇಲ್ಲದಿದ್ದರೆ ಆ ಪುಟವೇ ಸಿಗದು. 16 ಅಕ್ಷರ, ನಾಲ್ಕು ನಾಲ್ಕರ ಗುಂಪಾಗಿ ತೋರಿಸುತ್ತದೆ. ನಡುವಿನ ಖಾಲಿ ಜಾಗ ತೆಗೆದು ಒಟ್ಟಿಗೆ ಬರೆಯಿರಿ. 'ಕಡಿಮೆ ಭದ್ರತೆಯ ಆ್ಯಪ್‌ಗೆ ಅನುಮತಿ ಕೊಡಿ' ಎನ್ನುವ ಹಳೆ ಬರಹಗಳನ್ನು ನಂಬಬೇಡಿ, ಸಾಮಾನ್ಯ ಖಾತೆಗಳಿಗೆ ಆ ಬಾಗಿಲು 2022ರ ಮೇ 30ಕ್ಕೆ ಮುಚ್ಚಿದೆ.

ಪಾಸ್‌ವರ್ಡನ್ನು ಮಟ್‌ಆರ್‌ಸಿಯಲ್ಲಿ ಬಿಚ್ಚಿಡಬೇಡಿ, ವಾಚನಾಲಯದ ಗಣಕಕ್ಕೆ ಹತ್ತು ಜನ ಬರುತ್ತಾರೆ. ಜಿಪಿಜಿಯಲ್ಲಿ ಬೀಗ ಹಾಕಿದ ಫೈಲ್ ಮಾಡಿ, ಮಟ್‌ಆರ್‌ಸಿಯಲ್ಲಿ 'ಸೋರ್ಸ್', ಉದ್ಧರಣ ಚಿಹ್ನೆಯೊಳಗೆ 'ಜಿಪಿಜಿ -ಡಿಕ್ಯು', ಫೈಲ್ ಹೆಸರು, ಕೊನೆಗೆ ಪೈಪ್ ಗೀಟು. ಆ ಗೀಟು ಬಿಟ್ಟರೆ ಮಟ್ ಇಡೀ ಸಾಲನ್ನೇ ಫೈಲ್ ಹೆಸರು ಎಂದು ತಿಳಿದು 'ಅಂಥ ಫೈಲ್ ಇಲ್ಲ' ಎನ್ನುತ್ತದೆ.

ಅಟ್ಯಾಚ್‌ಮೆಂಟ್ ಹೆಸರು: ಕೋಲನ್ ಒತ್ತಿ 'ಸೆಟ್ ?ಆರ್‌ಎಫ್‌ಸಿ2047_ಪ್ಯಾರಾಮೀಟರ್ಸ್' ಕೇಳಿ. ಹಳೆ ಮಟ್‌ಆರ್‌ಸಿ ನಕಲಿನಲ್ಲಿ ಇದನ್ನು ಆಫ್ ಮಾಡಿಟ್ಟಿರುವುದು ಸಾಮಾನ್ಯ. 'ಯೆಸ್' ಮಾಡಿ. ಕುತೂಹಲಕ್ಕೆ ಒಂದು ಮಾತು: ಆ ಕೋಡಿನಲ್ಲಿ ಯುಟಿಎಫ್-8 ಮತ್ತು ಬಿ ಆದಮೇಲೆ 4, ಎಲ್, ಕೆ ಎಂದು ಶುರುವಾದರೆ ಹೆಸರು ಕನ್ನಡದ್ದು, 4, ಎಲ್, ಎಸ್ ಆದರೆ ಮಲಯಾಳದ್ದು. ನಮ್ಮ ಊರಲ್ಲಿ ಇದು ಉಪಯೋಗದ ವಿದ್ಯೆ, ತೆರೆಯುವ ಮೊದಲೇ ಯಾರಿಗೆ ಕೊಡಬೇಕೆಂದು ಗೊತ್ತಾಗುತ್ತದೆ.

ಪೌಂಡ್ ಚಿಹ್ನೆಯ ಪತ್ರ: ಅದು ಎನ್‌ಕೋಡಿಂಗ್ ತಪ್ಪಲ್ಲ, ನುಡಿ ಅಥವಾ ಬರಹದ ಹಳೆ ಆಸ್ಕಿ ಫಾಂಟಿನಲ್ಲಿ ಬರೆದು ಹಾಗೆಯೇ ಅಂಟಿಸಿದ್ದು. ಆ ಫಾಂಟುಗಳಲ್ಲಿ ಪೌಂಡ್ ಚಿಹ್ನೆಯ ಮನೆಯಲ್ಲಿ 'ನ' ಕೂತಿರುತ್ತದೆ, ದೊಡ್ಡ ಪಿ ಜಾಗದಲ್ಲಿ 'ಕ'. ಕಂಪ್ಯೂಟರಿನ ಮಟ್ಟಿಗೆ ಅದು ಅಪ್ಪಟ ಇಂಗ್ಲಿಷ್ ಅಕ್ಷರಗಳು, ಆದ್ದರಿಂದ ಮಟ್‌ನಲ್ಲಿ ಚಾರ್‌ಸೆಟ್ ಎಷ್ಟು ತಿರುವಿದರೂ ಪ್ರಯೋಜನ ಇಲ್ಲ. ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಉಪಕರಣಕ್ಕೆ ಹಾಕಿಯೇ ಓದಬೇಕು. ಆಜ್ಞಾಸಾಲಿನ ಪರಿವರ್ತಕ ನಿಮ್ಮಲ್ಲಿದ್ದರೆ ಪತ್ರದ ಮೇಲೆ ನಿಂತು ಪೈಪ್ ಕೀ ಒತ್ತಿ ಅದರ ಹೆಸರು ಕೊಡಿ. ಅದಕ್ಕೆ ಮೊದಲು 'ಪೈಪ್_ಡಿಕೋಡ್' ಯೆಸ್ ಇರಲಿ, ಇಲ್ಲದಿದ್ದರೆ ಪರಿವರ್ತಕಕ್ಕೆ ಹೋಗುವುದು ಬಿಚ್ಚದ ಬೇಸ್64 ಗಂಟು. ಕಚೇರಿಗೆ ಯೂನಿಕೋಡಿನಲ್ಲಿ ಕಳಿಸಿ ಎಂದು ಬರೆಯುವುದೂ ಒಂದು ದಾರಿ, ಅದಕ್ಕೆ ತಾಳ್ಮೆ ಬೇಕು.

ಇದಕ್ಕಿಂತ ಬೇರೆ, ಚೀಟಿಯೇ ಇಲ್ಲದೆ ಬರುವ ಯುಟಿಎಫ್-8 ಪತ್ರಗಳೂ ಉಂಟು. ಅವಕ್ಕೆ 'ಅಸ್ಯೂಮ್ಡ್_ಚಾರ್‌ಸೆಟ್' ಯುಟಿಎಫ್-8 ಕೊಟ್ಟರೆ ಆಯಿತು. ತಪ್ಪು ಚೀಟಿ ಅಂಟಿಸಿಕೊಂಡು ಬಂದದ್ದಕ್ಕೆ ಪತ್ರ ತೆರೆದು ಕಂಟ್ರೋಲ್-ಇ, ಅಲ್ಲಿ ಚಾರ್‌ಸೆಟ್ ತಿದ್ದಿ ಎಂಟರ್. ಆ ಹೊತ್ತಿನ ಓದಿಗೆ ಸಾಕು.

ಎಚ್‌ಟಿಎಂಎಲ್‌ಗೆ ಡಬ್ಲ್ಯು3ಎಂ (ಟರ್ಮಿನಲ್ಲಿನ ಬ್ರೌಸರ್) ಹಾಕಿಕೊಂಡು ಮೇಲ್‌ಕ್ಯಾಪ್ ಫೈಲಿನಲ್ಲಿ ಒಂದು ಸಾಲು: ಟೆಕ್ಸ್ಟ್/ಎಚ್‌ಟಿಎಂಎಲ್, ಅರ್ಧವಿರಾಮ, 'ಡಬ್ಲ್ಯು3ಎಂ -ದೊಡ್ಡ ಐ', ಶೇಕಡಾ ಚಿಹ್ನೆ ಮತ್ತು ಪುಷ್ಪಾವರಣದೊಳಗೆ ಚಾರ್‌ಸೆಟ್, '-ದೊಡ್ಡ ಓ ಯುಟಿಎಫ್-8 -ದೊಡ್ಡ ಟಿ ಟೆಕ್ಸ್ಟ್/ಎಚ್‌ಟಿಎಂಎಲ್ -ಡಂಪ್', ಶೇಕಡಾ ಎಸ್, ಅರ್ಧವಿರಾಮ, 'ಕೋಪಿಯಸ್‌ಔಟ್‌ಪುಟ್'. ಕೊನೆಯ ಪದ ಬಿಟ್ಟರೆ ಆಟೋ_ವ್ಯೂ ಕೆಲಸ ಮಾಡುವುದೇ ಇಲ್ಲ. ಮಟ್‌ಆರ್‌ಸಿಯಲ್ಲಿ 'ಆಟೋ_ವ್ಯೂ ಟೆಕ್ಸ್ಟ್/ಎಚ್‌ಟಿಎಂಎಲ್', ಮತ್ತು 'ಆಲ್ಟರ್ನೇಟಿವ್_ಆರ್ಡರ್'ನಲ್ಲಿ ಪ್ಲೇನ್ ಮುಂದೆ, ಎಚ್‌ಟಿಎಂಎಲ್ ಹಿಂದೆ.

---

ಚಂದ್ರಗಿರಿ_ತೀರ ಉತ್ತರ:

ಸ್ತಬ್ಧ ಪರದೆ ಉಳಿಯಿತಲ್ಲ, ಅದು ನನ್ನ ಪಾಲಿಗಿರಲಿ.

ಮಟ್ ನೇರ, ಸರ್ವರಿನಲ್ಲೇ ಪತ್ರ ಓದುವ ಪದ್ಧತಿಯಾದ ಐಮ್ಯಾಪ್‌ನಲ್ಲಿ ಇದ್ದಾಗ ನೆಟ್‌ವರ್ಕ್ ಉತ್ತರಕ್ಕಾಗಿ ಕಾಯುವುದೂ ಪರದೆ ನಡೆಸುವುದೂ ಒಂದೇ ಕೈ. ಗೆರೆ ಕಡಿದರೆ ಆ ಕೈ ಸಾಕೆಟಿನ ಬಾಯಲ್ಲಿ ಸಿಕ್ಕಿಬೀಳುತ್ತದೆ. 'ಹೆಡರ್_ಕ್ಯಾಶ್', 'ಮೆಸೇಜ್_ಕ್ಯಾಶ್‌ಡಿರ್' ಎರಡಕ್ಕೂ ಮೊದಲೇ ಮಾಡಿಟ್ಟ ಫೋಲ್ಡರ್ ಕೊಟ್ಟರೆ ಪೆಟ್ಟಿಗೆ ಬೇಗ ತೆರೆಯುತ್ತದೆ, ಆದರೆ ಕಾಯುವುದು ತಪ್ಪುವುದಿಲ್ಲ. ಆಟಿಯ ಮಳೆಯಲ್ಲಿ ಗಂಟೆಗೆ ಮೂರು ಸಲ ಗೆರೆ ಹೋಗುವ ಕಡೆ ಮಟ್‌ಅನ್ನು ನೆಟ್‌ನಿಂದ ಬಿಡಿಸಿಬಿಡುವುದೇ ವಾಸಿ: ಪತ್ರ ಇಳಿಸಲು ಎಂಬಿಸಿಂಕ್ (ಪ್ಯಾಕೇಜಿನ ಹೆಸರು ಐಸಿಂಕ್), ಕಳಿಸಲು ಎಂಎಸ್‌ಎಂಟಿಪಿ. ಮಟ್ ಓದುವುದು ಡಿಸ್ಕಿನ ಪತ್ರಗಳ ಫೋಲ್ಡರ್ ಆದ ಮೇಲ್‌ಡಿರ್ ಅನ್ನು ಮಾತ್ರ.

ಎಂಬಿಸಿಂಕ್‌ನಲ್ಲಿ ಹೋಸ್ಟ್ ಐಮ್ಯಾಪ್.ಜಿಮೇಲ್.ಕಾಮ್, ಡೆಬಿಯನ್ 12ರ ಆವೃತ್ತಿಗೆ 'ಎಸ್‌ಎಸ್‌ಎಲ್‌ಟೈಪ್ ಐಮ್ಯಾಪ್ಸ್', ಪೋರ್ಟ್ 993 ತಾನಾಗಿ ಬರುತ್ತದೆ. 'ಪಾಸ್‌ಸಿಎಂಡಿ'ಗೆ ಅದೇ ಜಿಪಿಜಿ ಆಜ್ಞೆ. ಎರಡು ತುದಿಗಳ ಹೆಸರು 'ಫಾರ್' (ಜಿಮೇಲ್) ಮತ್ತು 'ನಿಯರ್' (ನಿಮ್ಮ ಡಿಸ್ಕ್). ಹಳೆ ಬರಹಗಳಲ್ಲಿ ಬೇರೆ ಹೆಸರಿದ್ದರೆ ಗಾಬರಿ ಬೇಡ. ಮೇಲ್‌ಡಿರ್‌ನ 'ಪಾತ್' ಕೊನೆಗೆ ಓರೆಗೆರೆ ಮರೆಯಬೇಡಿ, ಮರೆತರೆ ಫೋಲ್ಡರಿನ ಹೆಸರಿಗೇ ಪೆಟ್ಟಿಗೆಯ ಹೆಸರು ಅಂಟಿಕೊಂಡು ಹುಟ್ಟುತ್ತದೆ.

'ಪ್ಯಾಟರ್ನ್ಸ್'ನಲ್ಲಿ ಇನ್‌ಬಾಕ್ಸ್ ಮತ್ತು ಕಳಿಸಿದ ಪತ್ರಗಳ ಪೆಟ್ಟಿಗೆ, ಎರಡೇ ಇರಲಿ. ನಕ್ಷತ್ರ ಹಾಕಿದರೆ 'ಆಲ್ ಮೇಲ್' ಕೂಡ ಇಳಿಯುತ್ತದೆ, ಒಂದೇ ಪತ್ರ ಪ್ರತಿ ಲೇಬಲ್ಲಿಗೂ ಒಂದೊಂದು ಪ್ರತಿಯಾಗಿ. ಜಿಮೇಲ್‌ಗೆ ಐಮ್ಯಾಪ್‌ನಲ್ಲಿ ದಿನಕ್ಕೆ 2,500 ಎಂಬಿ ಇಳಿಸುವ ಮಿತಿ ಉಂಟು, ದಾಟಿದರೆ ಖಾತೆಯ ಐಮ್ಯಾಪ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪೆಟ್ಟಿಗೆಯ ಹೆಸರಲ್ಲಿ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆ ಬೇಕು. ಜಿಮೇಲ್‌ನ ಭಾಷೆ ಬದಲಿಸಿದರೆ ಈ ಹೆಸರುಗಳೇ ಬದಲಾಗುತ್ತವೆ, ಬ್ರಿಟಿಷ್ ಇಂಗ್ಲಿಷಿನಲ್ಲಿ 'ಟ್ರ್ಯಾಶ್' ಹೋಗಿ 'ಬಿನ್' ಆಗುತ್ತದೆ. ನಿಮ್ಮ ಖಾತೆಯಲ್ಲಿ ಏನುಂಟು ಎಂದು 'ಎಂಬಿಸಿಂಕ್ -ಎಲ್' ಹೇಳುತ್ತದೆ, ಆದರೆ ಅದು ನಿಮ್ಮ ಪ್ಯಾಟರ್ನ್ಸ್‌ಗೆ ಹೊಂದುವುದನ್ನಷ್ಟೇ ತೋರಿಸುವುದು. ಆ ಒಂದು ಸಲಕ್ಕೆ ನಕ್ಷತ್ರ ಇಟ್ಟು ನೋಡಿ.

ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ವ್ಯವಸ್ಥೆ) ಐದು ನಿಮಿಷಕ್ಕೊಮ್ಮೆ 'ಟೈಮ್‌ಔಟ್ 240' ಮುಂದೆ ಇಟ್ಟು ಎಂಬಿಸಿಂಕ್ ಓಡಿಸಿ. ಸಿಕ್ಕಿಬಿದ್ದ ಓಟ 240 ಸೆಕೆಂಡಿಗೆ ಸಾಯುತ್ತದೆ, ಮುಂದಿನದಕ್ಕೆ ಬೀಗ ಅಡ್ಡ ಬರುವುದಿಲ್ಲ. ಇದರಲ್ಲಿ ಒಂದು ವಿಚಿತ್ರ ದೋಷ ಬಂದೇ ಬರುತ್ತದೆ: ಬೆಳಿಗ್ಗೆ ಚೆನ್ನಾಗಿ ಓಡಿ, ಎರಡು ಗಂಟೆ ಬಳಿಕ ಪಾಸ್‌ವರ್ಡ್ ಸಿಗಲಿಲ್ಲ ಎನ್ನುವುದು. ಜಿಪಿಜಿ ಏಜೆಂಟ್ ಕೊನೆಯ ಬಳಕೆಯಿಂದ 600 ಸೆಕೆಂಡ್ ಗುಪ್ತಪದ ನೆನಪಿಡುತ್ತದೆ, ಐದು ನಿಮಿಷದ ಕ್ರಾನ್ ಅದನ್ನು ನವೀಕರಿಸುತ್ತಲೇ ಇರುತ್ತದೆ, ಆದರೆ ಗರಿಷ್ಠ ಮಿತಿ 7200 ಸೆಕೆಂಡ್. ಏಜೆಂಟಿನ ಕಾನ್ಫ್ ಫೈಲಿನಲ್ಲಿ 'ಮ್ಯಾಕ್ಸ್-ಕ್ಯಾಶ್-ಟಿಟಿಎಲ್' 43200 ಮಾಡಿದರೆ ವಾಚನಾಲಯದ ಒಂದು ದಿನಕ್ಕೆ ಸಾಕು.

ಎಂಎಸ್‌ಎಂಟಿಪಿಗೆ ಪೋರ್ಟ್ 587 ಆದರೆ 'ಟಿಎಲ್‌ಎಸ್_ಸ್ಟಾರ್ಟ್‌ಟಿಎಲ್‌ಎಸ್' ಆನ್, 465 ಆದರೆ ಆಫ್. ಅದಲು ಬದಲಾದರೆ ಸಂಪರ್ಕ ಸುಮ್ಮನೆ ಜೋತಾಡುತ್ತದೆ, ಅಥವಾ ಟಿಎಲ್‌ಎಸ್ ದೋಷ. ಪ್ಯಾಕೇಜಿನ ಜೊತೆ ಬರುವ ಎಂಎಸ್‌ಎಂಟಿಪಿಕ್ಯು ಸ್ಕ್ರಿಪ್ಟನ್ನು ಮಟ್‌ನ 'ಸೆಂಡ್‌ಮೇಲ್'ಗೆ ಕೊಟ್ಟರೆ ನೆಟ್ ಇಲ್ಲದಾಗ ಪತ್ರ ಸರತಿಯಲ್ಲಿ ನಿಲ್ಲುತ್ತದೆ. ಸರತಿಯ ಫೋಲ್ಡರ್ ಮೊದಲೇ ಮಾಡಿ 700 ಅನುಮತಿ ಕೊಡಿ. ಹಳೆ 'ಎಸ್‌ಎಂಟಿಪಿ_ಯುಆರ್‌ಎಲ್' ಸಾಲು ಅಳಿಸಲೇಬೇಕು. ಅದಿದ್ದರೆ ಮಟ್ ಸೆಂಡ್‌ಮೇಲ್ ಕಡೆ ತಿರುಗಿಯೂ ನೋಡುವುದಿಲ್ಲ. 'ರೆಕಾರ್ಡ್' ಖಾಲಿ ಬಿಡಿ, ಕಳಿಸಿದ್ದರ ಪ್ರತಿಯನ್ನು ಜಿಮೇಲೇ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಎಲ್ಲವೂ ಎರಡೆರಡು.

---

ಪೆರ್ಲ_ವಾಚನಾಲಯ ಉತ್ತರ:

ಇಳಿಸಲು ಶುರು ಮಾಡಿದ್ದೇನೆ, ಓಡುತ್ತಾ ಉಂಟು. ಮಟ್‌ನಲ್ಲಿ ಅಳಿಸಿದ್ದು ಜಿಮೇಲ್‌ನಲ್ಲೂ ಹೋಗಬೇಕಾದರೆ 'ಎಕ್ಸ್‌ಪಂಜ್ ಬೋತ್' ಅಲ್ಲವಾ?

---

ಚಂದ್ರಗಿರಿ_ತೀರ ಉತ್ತರ:

ಹೌದು, ಆದರೆ ಈಗಲೇ ಬೇಡ ಮಾರಾಯ್ರೆ. ಒಂದು ವಾರ 'ಎಕ್ಸ್‌ಪಂಜ್ ನಿಯರ್' ಇಡಿ, ಎಡವಟ್ಟಾದರೂ ಜಿಮೇಲ್‌ನ ಪ್ರತಿ ಉಳಿದಿರುತ್ತದೆ. 'ಬೋತ್' ಮಾಡಿದ ಮೇಲೂ ಇನ್‌ಬಾಕ್ಸಿನಿಂದ ಅಳಿಸಿದ್ದು ಜಿಮೇಲ್‌ನ ಡೀಫಾಲ್ಟ್ ಪ್ರಕಾರ ಆರ್ಕೈವ್ ಆಗುವುದಷ್ಟೇ, 'ಆಲ್ ಮೇಲ್'ನಲ್ಲಿ ಇದ್ದೇ ಇರುತ್ತದೆ. ನಿಜವಾಗಿ ಹೋಗಬೇಕಾದರೆ ಕಸದ ಪೆಟ್ಟಿಗೆಯನ್ನೂ ಪ್ಯಾಟರ್ನ್ಸ್‌ಗೆ ಸೇರಿಸಿ, ಮಟ್‌ನ 'ಟ್ರ್ಯಾಶ್' ಆಯ್ಕೆಗೆ ಅದರ ಹೆಸರು ಕೊಡಿ. ಅಲ್ಲಿಗೆ ಹೋದದ್ದನ್ನು 30 ದಿನಕ್ಕೆ ಜಿಮೇಲ್ ತಾನೇ ಗುಡಿಸುತ್ತದೆ.